ಕಾಣುವ ಹಡಗು, ಕಾಣದ ಬೋಟು

ಸುರತ್ಕಲ್ ದೀಪಸ್ತಂಭದ ಕೆಳಗಿನ ಬಂಡೆಗಳ ಮೇಲೆ ಸಂಜೆ ಹೊತ್ತು ಕೂತಾಗ ಒಂದು ಲೆಕ್ಕ ನನಗೆ ಯಾವತ್ತೂ ಸರಿ ಬರುವುದಿಲ್ಲ. ಸೂರ್ಯ ಮುಳುಗಿ ಸ್ವಲ್ಪ ಹೊತ್ತಾದ ಮೇಲೆ ಕಡಲಲ್ಲಿ ಒಂದೊಂದಾಗಿ ದೀಪ ಹತ್ತುತ್ತವೆ. ಎಡಗಡೆ, ಪಣಂಬೂರಿನ ಆಚೆ, ಲಂಗರು ಹಾಕಿ ನಿಂತ ಹಡಗುಗಳ ದೊಡ್ಡ ದೀಪಗಳು. ಅವುಗಳ ಹಿಂದೆ, ನಡುವೆ, ಬಲಗಡೆ ಮೂಲ್ಕಿಯ ತನಕ ಚಿಕ್ಕ ಚಿಕ್ಕ ದೀಪಗಳು. ಫೋನ್ ತೆಗೆದು ಹಡಗುಗಳ ನಕ್ಷೆ ನೋಡುತ್ತೇನೆ. ಅಲ್ಲಿ ಬಾಣದ ಗುರುತುಗಳು ಬೆರಳೆಣಿಕೆಯಷ್ಟು ಮಾತ್ರ. ಒಂದೊಂದು ಬಾಣಕ್ಕೂ ಹೆಸರಿದೆ, ಧ್ವಜ ಇದೆ, ಉದ್ದ ಅಗಲ ಇದೆ, ಎಲ್ಲಿಂದ ಬಂತು ಎಲ್ಲಿಗೆ ಹೊರಟಿದೆ ಎಂಬುದೂ ಇದೆ. ಆದರೆ ಕಣ್ಣೆದುರಿನ ದೀಪಗಳಲ್ಲಿ ಜಾಸ್ತಿ ಪಾಲು ನಕ್ಷೆಯಲ್ಲಿ ಇಲ್ಲವೇ ಇಲ್ಲ. ಪನಾಮಾ ಧ್ವಜದ ಹಡಗಿನ ಜಾತಕವೆಲ್ಲ ನನ್ನ ಅಂಗೈಯಲ್ಲಿ ಇರುತ್ತದೆ. ಅದರ ಪಕ್ಕದಲ್ಲೇ ಹಾದುಹೋದ ನಮ್ಮೂರಿನ ಬೋಟಿನ ಬಗ್ಗೆ ಒಂದಕ್ಷರವೂ ಇರುವುದಿಲ್ಲ.

ಹಡಗು ನೋಡುವುದು ನನ್ನ ಹವ್ಯಾಸ. ಶಾಲೆ ಮುಗಿಸಿ, ಮನೆಗೆ ಬಂದು ಚಹಾ ಕುಡಿದು, ಬೈನಾಕ್ಯುಲರ್ ಹಿಡಿದು ಹೊರಟುಬಿಡುತ್ತೇನೆ. ಪಕ್ಷಿ ನೋಡುವವರು ಊರಿಗೆ ನಾಲ್ಕು ಜನ ಸಿಗುತ್ತಾರೆ, ಹಡಗು ನೋಡುವವರು ಕಡಿಮೆ. ಯುರೋಪಿನ ಬಂದರುಗಳಲ್ಲಿ ಇದು ಹಳೆಯ ಹವ್ಯಾಸ. ನಮ್ಮಲ್ಲಿ ಕಡಲ ಬದಿಯಲ್ಲೇ ಹುಟ್ಟಿದವರೂ ಹಡಗನ್ನು ದೂರದ ಒಂದು ಗೆರೆಯಾಗಿ ನೋಡಿ ಮುಂದೆ ಹೋಗುತ್ತಾರೆ. ನನಗೆ ಮಾತ್ರ ಆ ಗೆರೆಯ ಹೆಸರು ಗೊತ್ತಾಗುವ ತನಕ ಸಮಾಧಾನ ಆಗುವುದಿಲ್ಲ. ಆದರೆ ಮೇಲೆ ಹೇಳಿದ ಲೆಕ್ಕ ತಪ್ಪುವ ವಿಷಯ ಕೆಲವು ವರ್ಷಗಳಿಂದ ತಲೆಯಲ್ಲಿ ಕೊರೆಯುತ್ತಿದೆ. ಅದನ್ನು ಇಲ್ಲಿ ಬಿಡಿಸಿ ನೋಡಬೇಕು ಅನ್ನಿಸಿತು.

ಹಡಗನ್ನು ಓದುವುದು

ಮೊದಲು ಈ ಹವ್ಯಾಸದ ಸುಖ ಏನು ಅಂತ ಹೇಳಿಬಿಡುತ್ತೇನೆ. ಹಡಗು ನಿಂತಲ್ಲೇ ನಿಂತಿದ್ದರೂ ತನ್ನ ಬಗ್ಗೆ ತುಂಬಾ ಹೇಳುತ್ತದೆ. ಡೆಕ್ ಮೇಲೆ ಸಾಲಾಗಿ ನಾಲ್ಕು ಕ್ರೇನ್ ಇದ್ದರೆ ಅದು ಬಲ್ಕ್ ಹಡಗು. ಕಲ್ಲಿದ್ದಲು, ಗೊಬ್ಬರ, ಸುಣ್ಣಕಲ್ಲು ಇಂಥದ್ದೇನೋ ಇರುತ್ತದೆ. ಡೆಕ್ ಉದ್ದಕ್ಕೂ ಪೈಪು ಓಡಿ, ನಡುವೆ ಮಾತ್ರ ಒಂದು ಸಣ್ಣ ಕ್ರೇನ್ ಇದ್ದರೆ ಟ್ಯಾಂಕರ್. ಡೆಕ್ಕಿನಿಂದ ಮೇಲಕ್ಕೆ ಉಬ್ಬಿದ ತೊಟ್ಟಿಗಳು ಕಂಡರೆ ಬಹುಶಃ ನಮ್ಮ ಅಡುಗೆಮನೆಗೆ ಬರುವ ಗ್ಯಾಸು. ಹೊಟ್ಟೆಯ ಕೆಂಪು ಬಣ್ಣ ನೀರಿನ ಮೇಲೆ ಎತ್ತರಕ್ಕೆ ಕಾಣುತ್ತಿದ್ದರೆ ಹಡಗು ಖಾಲಿ. ಕೆಂಪು ಮುಳುಗಿ ಕಪ್ಪು ಬಣ್ಣ ಮಾತ್ರ ಉಳಿದಿದ್ದರೆ ಹೊಟ್ಟೆ ತುಂಬಾ ಸರಕು. ಲಂಗರು ಹಾಕಿದ ಹಡಗು ಹಗಲಲ್ಲಿ ಮುಂಭಾಗದಲ್ಲಿ ಒಂದು ಕಪ್ಪು ಚೆಂಡು ತೂಗುಹಾಕಬೇಕು. ಒಳ್ಳೆಯ ಬೆಳಕಿನ ದಿನ ಬೈನಾಕ್ಯುಲರ್‌ನಲ್ಲಿ ಆ ಚೆಂಡು ಕಂಡರೆ ನನಗೆ ಈಗಲೂ ಖುಷಿಯಾಗುತ್ತದೆ. ನಿಂತ ಹಡಗುಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿರುವುದನ್ನು ಗಮನಿಸಿದ್ದೀರಾ? ಗಾಳಿಯೂ ನೀರಿನ ಸೆಳೆತವೂ ಯಾವ ಕಡೆಯಿಂದ ಬರುತ್ತದೋ ಆ ಕಡೆಗೆ ಮೂತಿ ತಿರುಗಿರುತ್ತದೆ. ಸಂಜೆಯ ಹೊತ್ತಿಗೆ ಎಲ್ಲವೂ ನಿಧಾನಕ್ಕೆ ಒಟ್ಟಿಗೆ ತಿರುಗುವುದನ್ನು ನೋಡುತ್ತಾ ಗಂಟೆಗಟ್ಟಲೆ ಕೂರಬಹುದು.

ರಾತ್ರಿಯಲ್ಲಿ ಓದುವ ರೀತಿ ಬೇರೆ. ಸಾಗುವ ಹಡಗಿನ ಎಡಬದಿಯಲ್ಲಿ ಕೆಂಪು ದೀಪ, ಬಲಬದಿಯಲ್ಲಿ ಹಸಿರು. ಎರಡೂ ಒಟ್ಟಿಗೆ ಕಂಡರೆ ಅದು ನೇರ ನಮ್ಮ ಕಡೆಗೇ ಬರುತ್ತಿದೆ ಎಂದು ಅರ್ಥ. ಹಸಿರಿನ ಕೆಳಗೆ ಬಿಳಿ ದೀಪ ಇದ್ದರೆ ಟ್ರಾಲ್ ಬಲೆ ಎಳೆಯುತ್ತಿರುವ ಬೋಟು. ಕೆಂಪಿನ ಕೆಳಗೆ ಬಿಳಿ ಇದ್ದರೆ ಬೇರೆ ರೀತಿಯ ಬಲೆ ಹಾಕಿದೆ. ಇದೆಲ್ಲ 1972ರ ಅಂತಾರಾಷ್ಟ್ರೀಯ ನಿಯಮದಲ್ಲಿದೆ. ಕೊರಿಯಾದ ಹಡಗಿಗೂ ಮಲ್ಪೆಯ ಬೋಟಿಗೂ ಒಂದೇ ದೀಪದ ಭಾಷೆ. ನಮ್ಮ ಬೋಟುಗಳಲ್ಲಿ ಈ ದೀಪಗಳ ಜೊತೆಗೆ ಬಣ್ಣಬಣ್ಣದ ಮಿನುಗು ದೀಪಗಳೂ ಇರುತ್ತವೆ, ಅದು ಬೇರೆ ಮಾತು. ಅದಕ್ಕೆ ಕಾರಣ ಇದೆ, ಮುಂದೆ ಹೇಳುತ್ತೇನೆ.

ಪಣಂಬೂರು ನೆಲ ಅಗೆದು ಮಾಡಿದ ಬಂದರು. 1975ರಲ್ಲಿ ಉದ್ಘಾಟನೆ ಆಯಿತು. ತುಂಬಾ ದೊಡ್ಡ ಕಚ್ಚಾ ತೈಲದ ಹಡಗುಗಳು ಅದರೊಳಗೆ ಬರಲಾರವು. ಸುಮಾರು 330 ಮೀಟರ್ ಉದ್ದದ, 20 ಲಕ್ಷ ಬ್ಯಾರೆಲ್ ತೈಲ ಹೊತ್ತ ಹಡಗಿಗೆ ನೀರಿನ ಒಳಗೇ 20 ಮೀಟರಿಗಿಂತ ಜಾಸ್ತಿ ಆಳ ಬೇಕು. ಹಾಗಾಗಿ ಅವು ತೀರದಿಂದ ಸುಮಾರು 16 ಕಿಲೋಮೀಟರ್ ಆಚೆ ಒಂದು ದೊಡ್ಡ ತೇಲುಬೋಯಿಗೆ ಮೂತಿ ಕಟ್ಟಿಕೊಂಡು ನಿಲ್ಲುತ್ತವೆ. 2013ರಿಂದ ಇದು ನಡೆಯುತ್ತಿದೆ. ತೈಲ ಸಮುದ್ರದ ತಳದ ಪೈಪಿನಲ್ಲಿ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಕಾರ್ಖಾನೆಗೆ ಬರುತ್ತದೆ. ಮಂಗಳೂರು ಮತ್ತು ಪಾದೂರಿನ ಬಂಡೆಯೊಳಗೆ ಕೊರೆದ ಗುಹೆಗಳಲ್ಲೂ ದೇಶಕ್ಕೆ ಕಷ್ಟಕಾಲಕ್ಕೆಂದು ತೈಲ ತುಂಬಿಡುತ್ತಾರೆ. ಮಂಗಳೂರಿನದು 15 ಲಕ್ಷ ಟನ್, ಪಾದೂರಿನದು 25 ಲಕ್ಷ ಟನ್. ತೀರದಲ್ಲಿ ನಿಂತವರ ಕಣ್ಣಿಗೆ ದಿಗಂತ ಇರುವುದು 5 ಕಿಲೋಮೀಟರ್ ದೂರದಲ್ಲಿ. ಆದರೂ ಆ ದೊಡ್ಡ ಹಡಗಿನ ಮೇಲ್ಭಾಗ ದಿಗಂತದ ಆಚೆಯಿಂದ ಕಾಣುತ್ತದೆ, ಏಕೆಂದರೆ ಅದು ಅಷ್ಟು ಎತ್ತರ. ಒಡಲು ಭೂಮಿಯ ಬಾಗಿನ ಹಿಂದೆ ಅಡಗಿರುತ್ತದೆ. ಭೂಮಿ ಗುಂಡಗಿದೆ ಎಂದು ನನ್ನ ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಇನ್ನೊಂದು ಸುಖ ಪ್ರತಿ ದೊಡ್ಡ ಹಡಗಿಗೂ ಇರುವ ಏಳಂಕಿಯ ಗುರುತಿನ ಸಂಖ್ಯೆ, ಐಎಂಒ ಸಂಖ್ಯೆಯದು. ಹಡಗಿನ ಹೆಸರು ಬದಲಾಗುತ್ತದೆ, ಧ್ವಜ ಬದಲಾಗುತ್ತದೆ, ಮಾಲೀಕರು ಬದಲಾಗುತ್ತಾರೆ. ಆ ಸಂಖ್ಯೆ ಮಾತ್ರ ಹುಟ್ಟಿನಿಂದ ಸಾವಿನ ತನಕ ಒಂದೇ. ಅದರ ಕೊನೆಯ ಅಂಕಿ ಉಳಿದ ಆರರ ಮೇಲೆ ಕಾವಲು ಕೂತಿರುತ್ತದೆ. ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿಸಿ. ಬಂದ ಮೊತ್ತದ ಕೊನೆಯ ಅಂಕಿಯೇ ಏಳನೆಯದು. 9074729 ತೆಗೆದುಕೊಳ್ಳಿ. 63, 0, 35, 16, 21, 4 ಕೂಡಿಸಿದರೆ 139. ಕೊನೆಗೆ 9. ಸರಿ ಬಂತಲ್ವಾ? ಇದನ್ನು ಏಳನೇ ಕ್ಲಾಸಿನ ಮಕ್ಕಳಿಗೆ ಕೊಟ್ಟರೆ ಬೆಲ್ ಹೊಡೆದರೂ ಏಳುವುದಿಲ್ಲ.

ಈ ಸಂಖ್ಯೆ ಹಿಡಿದುಕೊಂಡೇ ಹಡಗಿನ ಕೊನೆಯ ಪಯಣವನ್ನೂ ನೋಡಬಹುದು. ಪಣಂಬೂರಿನಲ್ಲಿ ಯಾವತ್ತೋ ಕಂಡ ಹಡಗು ವರ್ಷಗಳ ನಂತರ ಮೊಟಕಾದ ಹೆಸರಿನಲ್ಲಿ, ಕೊಮೊರೋಸ್‌ನಂಥ ಹೊಸ ಧ್ವಜದಲ್ಲಿ ಕಾಣಿಸಿಕೊಳ್ಳುತ್ತದೆ. ತಲುಪುವ ಜಾಗ ಗುಜರಾತಿನ ಅಲಂಗ್. ಅಲ್ಲಿಗೆ ಹೋದ ಮೇಲೆ ಒಡೆದು ಕಬ್ಬಿಣ. ಅಂಥ ದಿನ ನನಗೆ ನಿಜವಾಗಿ ಬೇಸರ ಆಗುತ್ತದೆ.

ಹೇಳಿಕೊಂಡಷ್ಟು ಮಾತ್ರ

ನಕ್ಷೆಯ ಬಾಣ ಎಲ್ಲಿಂದ ಬರುತ್ತದೆ? ಯಾರೋ ಆಕಾಶದಿಂದ ಹಡಗನ್ನು ನೋಡಿ ಗುರುತು ಹಾಕಿದ್ದಲ್ಲ. ಹಡಗೇ ತನ್ನ ವಿಷಯ ಕೂಗಿ ಹೇಳುತ್ತಿರುತ್ತದೆ. ಎಐಎಸ್ ಅನ್ನುವ ಪೆಟ್ಟಿಗೆ ಸಾಗುವಾಗ 2ರಿಂದ 10 ಸೆಕೆಂಡಿಗೊಮ್ಮೆ, ಲಂಗರು ಹಾಕಿದಾಗ 3 ನಿಮಿಷಕ್ಕೊಮ್ಮೆ ವಿಎಚ್‌ಎಫ್ ರೇಡಿಯೋದಲ್ಲಿ ಹೇಳುತ್ತದೆ: ನಾನು ಇಂಥವನು, ಇಲ್ಲಿದ್ದೇನೆ, ಇಷ್ಟು ವೇಗ, ಈ ದಿಕ್ಕು. ಇದನ್ನು ಮಾಡಿದ್ದು ನಮ್ಮಂಥವರ ಹವ್ಯಾಸಕ್ಕಲ್ಲ, ಹಡಗುಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಿರಲಿ ಅಂತ. ದಡದಲ್ಲಿ ಯಾರು ಆಂಟೆನಾ ಇಟ್ಟರೂ ಆ ಮಾತು ಕೇಳಿಸುತ್ತದೆ. 2007ರಲ್ಲಿ ಗ್ರೀಸಿನ ಏಜಿಯನ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಒಂದು ಪ್ರಯತ್ನ ಇದನ್ನೆಲ್ಲ ಒಟ್ಟು ಮಾಡಿ ಇಂಟರ್ನೆಟ್‌ಗೆ ಹಾಕಿತು. ಅದೇ ಇವತ್ತಿನ ಮೆರೀನ್‌ಟ್ರಾಫಿಕ್. ಜಗತ್ತಿನ ತೀರಗಳಲ್ಲಿ ಮನೆಯ ಮಾಳಿಗೆ ಮೇಲೆ ಆಂಟೆನಾ ಕಟ್ಟಿದ ಸ್ವಯಂಸೇವಕರ ಕಿವಿಯೇ ಅದರ ಬಂಡವಾಳ.

ಆದರೆ ಈ ಪೆಟ್ಟಿಗೆ ಯಾರಿಗೆ ಕಡ್ಡಾಯ? ವಿದೇಶಕ್ಕೆ ಹೋಗುವ 300 ಟನ್ನಿಗಿಂತ ದೊಡ್ಡ ಹಡಗುಗಳಿಗೆ, ವಿದೇಶಕ್ಕೆ ಹೋಗದಿದ್ದರೂ 500 ಟನ್ನಿಗಿಂತ ದೊಡ್ಡ ಸರಕು ಹಡಗುಗಳಿಗೆ, ಪ್ರಯಾಣಿಕರ ಹಡಗುಗಳಿಗೆ. 2004ರ ಕೊನೆಯಿಂದ ಹೀಗೆ. ನಮ್ಮ ದೇಶದಲ್ಲಿ 20 ಮೀಟರಿಗಿಂತ ಉದ್ದದ ಮೀನುಗಾರಿಕಾ ಬೋಟುಗಳಿಗೂ ನಿಯಮ ಇದೆ. ಅದಕ್ಕಿಂತ ಚಿಕ್ಕ ಬೋಟು, ನಾಡದೋಣಿ, ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಹೊತ್ತು ಹೋಗುವ ಮಂಜಿ ಎಂಬ ಹಾಯಿದೋಣಿಯಂಥ ನಾವೆ, ಇವುಗಳ ಕೂಗು ಇಲ್ಲ. ನೌಕಾಪಡೆಯ ಹಡಗುಗಳು ಬೇಕೆಂದೇ ಸುಮ್ಮನಿರುತ್ತವೆ, ಅದು ಸರಿಯೇ. (ಕಾರವಾರದ ಕಡೆ ಹೋದಾಗ ನಾನು ಬೈನಾಕ್ಯುಲರ್ ಚೀಲದಿಂದ ಹೊರಗೆ ತೆಗೆಯುವುದಿಲ್ಲ. ಕದಂಬ ನೌಕಾನೆಲೆ ಹವ್ಯಾಸದ ಜಾಗ ಅಲ್ಲ. ಈ ಹವ್ಯಾಸಕ್ಕೆ ಹೊಸಬರಾದವರು ಇದನ್ನು ಮೊದಲು ಕಲಿಯಬೇಕು.)

ಕೂಗಿದ್ದೆಲ್ಲವೂ ಯಂತ್ರದ ಮಾತಲ್ಲ. ಜಾಗ ಮತ್ತು ವೇಗ ಜಿಪಿಎಸ್‌ನಿಂದ ತಾನಾಗಿ ಬರುತ್ತದೆ. ಎಲ್ಲಿಗೆ ಹೊರಟಿದೆ, ನೀರಲ್ಲಿ ಎಷ್ಟು ಮುಳುಗಿದೆ ಅನ್ನುವುದನ್ನು ಹಡಗಿನಲ್ಲಿರುವ ಒಬ್ಬ ಮನುಷ್ಯ ಟೈಪ್ ಮಾಡುತ್ತಾನೆ. ಮರೆತರೆ ಹಳೆಯ ಬಂದರಿನ ಹೆಸರೇ ಇರುತ್ತದೆ. 2024ರ ಜನವರಿಯಲ್ಲಿ ಕೆಂಪು ಸಮುದ್ರ ದಾಟುವ ಹಡಗುಗಳು ತಲುಪುವ ಬಂದರಿನ ಜಾಗದಲ್ಲಿ ‘ಸಿಬ್ಬಂದಿಯೆಲ್ಲ ಚೀನಿಯರು’, ‘ಬಂದೂಕಿನ ಕಾವಲುಗಾರರಿದ್ದಾರೆ’ ಎಂದೆಲ್ಲ ಬರೆದುಕೊಂಡಿದ್ದವು. ಅಲ್ಲಿ ಹಡಗುಗಳ ಮೇಲೆ ದಾಳಿ ಮಾಡುತ್ತಿದ್ದ ಯೆಮೆನ್‌ನ ಹೌತಿ ಬಂಡುಕೋರರಿಗೆ, ನಮ್ಮ ಮೇಲೆ ಕ್ಷಿಪಣಿ ಬಿಡಬೇಡಿ ಎಂಬ ಬೇಡಿಕೆ ಅದು. 20 ಅಕ್ಷರ ಹಿಡಿಸುವ ಆ ಖಾನೆಯಲ್ಲಿ ಇಷ್ಟು ಭಯ ತುಂಬಬಹುದು ಅಂತ ನಾನು ಯೋಚಿಸಿರಲಿಲ್ಲ.

ದೊಡ್ಡಮ್ಮನ ಬಾಣ

ನನ್ನ ದೊಡ್ಡಮ್ಮನ ಮಗ ಟ್ಯಾಂಕರ್ ಒಂದರಲ್ಲಿ ಸೆಕೆಂಡ್ ಆಫೀಸರ್. ದೊಡ್ಡಮ್ಮನಿಗೆ ನಕ್ಷೆ ಹಾಕಿಕೊಟ್ಟದ್ದು ನಾನೇ. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ ಅವರು ಮೊದಲು ನೋಡುವುದು ಅದನ್ನು. ಕೆಂಪು ಬಾಣ ಎಲ್ಲಿದೆ, ಯಾವ ಕಡೆ ತಿರುಗಿದೆ. ಹಾರ್ಮುಜ್, ಫುಜೈರಾ, ಸುಯೆಜ್ ಎಂಬ ಹೆಸರುಗಳೆಲ್ಲ ಅವರ ಬಾಯಲ್ಲಿ ಕಿನ್ನಿಗೋಳಿ, ಹಳೆಯಂಗಡಿಯಷ್ಟೇ ಸಲೀಸಾಗಿ ಬರುತ್ತವೆ.

2023ರ ಡಿಸೆಂಬರ್ 23ರಂದು ಟಿವಿಯಲ್ಲಿ ಸುದ್ದಿ ಬಂತು. ಸೌದಿಯಿಂದ ಮಂಗಳೂರಿಗೆ ತೈಲ ತರುತ್ತಿದ್ದ ಕೆಮ್ ಪ್ಲೂಟೊ ಎಂಬ ಹಡಗಿಗೆ ಅರಬ್ಬೀ ಸಮುದ್ರದಲ್ಲಿ ಡ್ರೋನ್ ಬಡಿದು ಬೆಂಕಿ ಹತ್ತಿದೆ. ಸಿಬ್ಬಂದಿಯಲ್ಲಿ ಹೆಚ್ಚಿನವರು ಭಾರತೀಯರು. ಅದಕ್ಕೆ ಒಂದು ತಿಂಗಳ ಹಿಂದೆಯಷ್ಟೇ, ನವೆಂಬರ್ 19ರಂದು, ಕೆಂಪು ಸಮುದ್ರದಲ್ಲಿ ಗ್ಯಾಲಕ್ಸಿ ಲೀಡರ್ ಎಂಬ ಹಡಗನ್ನು ಹೌತಿಗಳು ಹೆಲಿಕಾಪ್ಟರ್‌ನಿಂದ ಇಳಿದು ಹಿಡಿದುಕೊಂಡು ಹೋಗಿದ್ದರು. ದೊಡ್ಡಮ್ಮ ಫೋನ್ ಮಾಡಿದಾಗ ಅವರ ದನಿ ನಡುಗುತ್ತಿತ್ತು. “ನೋಡು ಮಾರಾಯ್ತಿ, ಅವನ ಬಾಣವೇ ಇಲ್ಲ. ನಿನ್ನೆ ಇತ್ತು. ಇವತ್ತು ಇಲ್ಲ.” ನಾನು ಹೋಗುವಾಗ ಅವರು ಜಗಲಿಯಲ್ಲಿ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ನಕ್ಷೆಯಲ್ಲಿ ಅರಬ್ಬೀ ಸಮುದ್ರದ ನಡುಭಾಗ ಪೂರ್ತಿ ಖಾಲಿ ನೀಲಿ.

ಆ ಹಡಗು ಅವನದ್ದಲ್ಲ ಎಂದು ಮೊದಲು ಹೇಳಿದೆ. ಆಮೇಲೆ ವಿವರಿಸಿದೆ. ದಡದ ಆಂಟೆನಾಕ್ಕೆ ಕೇಳಿಸುವುದು ಸಾಮಾನ್ಯವಾಗಿ 50–60 ಕಿಲೋಮೀಟರ್ ದೂರದ ತನಕದ ಮಾತು. ಅದರಾಚೆ ಉಪಗ್ರಹ ಕೇಳಿಸಿಕೊಳ್ಳುತ್ತದೆ, ಆದರೆ ಅದಕ್ಕೆ ದುಡ್ಡು ಕೊಡಬೇಕು. ಪುಕ್ಕಟೆ ನಕ್ಷೆಯಲ್ಲಿ ನಡುಗಡಲಿನ ಹಡಗು ಕಾಣದಿರುವುದು ಸಹಜ. ಬಾಣ ಇಲ್ಲ ಅಂದರೆ ಹಡಗು ಇಲ್ಲ ಅಂತಲ್ಲ. ದೊಡ್ಡಮ್ಮ ಎಲ್ಲ ಕೇಳಿಸಿಕೊಂಡರು. ಕೇಳಿ, “ಹಾಗಾದರೆ ಇಷ್ಟು ದಿನ ನಾನು ನೋಡುತ್ತಿದ್ದದ್ದು ಅವನನ್ನಲ್ಲವಾ?” ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ. ರಾತ್ರಿ ಊಟದ ಹೊತ್ತಿಗೆ ಅವನ ವಾಟ್ಸಾಪ್ ಬಂತು. ಎಲ್ಲ ಸರಿ ಇದ್ದೇವೆ, ಅಮ್ಮನಿಗೆ ಹೇಳಿ. ಅಷ್ಟೇ. ಕೆಮ್ ಪ್ಲೂಟೊವನ್ನು ಕೋಸ್ಟ್ ಗಾರ್ಡಿನ ‘ವಿಕ್ರಮ್’ ಹಡಗು ಬೆಂಗಾವಲಿನಲ್ಲಿ ಮುಂಬೈಗೆ ತಂದಿತು.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬಂಡೆ ಮೇಲೆ ಕೂತು ಲೆಕ್ಕ ಸರಿ ಬರದ ಸಂಜೆಗಳೂ ಅದೂ ಒಂದೇ ವಿಷಯ ಅಂತ ನಿಧಾನವಾಗಿ ಹೊಳೆಯಿತು. ನಾನು ಹಡಗು ನೋಡುತ್ತೇನೆ ಅಂದುಕೊಂಡು ಕ್ರಮೇಣ ಹಡಗು ಹೇಳುವುದನ್ನು ಕೇಳಲು ಶುರು ಮಾಡಿದ್ದೆ. ಹೇಳದೆ ಇರುವವರು ಕಣ್ಣಿಂದ ಜಾರಿಹೋಗುತ್ತಿದ್ದರು.

ದಕ್ಕೆಯಲ್ಲಿ

ಹಾಗೆ ಹೇಳದೆ ಇರುವವರ ಕಡೆಗೆ ಹೋದೆ. ನನ್ನ ಶಾಲೆಯಲ್ಲಿ ಓದಿದ ಹುಡುಗಿಯೊಬ್ಬಳ ಅಪ್ಪ ಆಳಸಮುದ್ರ ಟ್ರಾಲ್ ಬೋಟಿನ ತಾಂಡೇಲರು, ಅಂದರೆ ಬೋಟು ನಡೆಸುವ ಮುಖ್ಯಸ್ಥರು. ಜೂನ್–ಜುಲೈಯ ಮೀನುಗಾರಿಕೆ ರಜೆ. ಮಂಗಳೂರಿನ ದಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಅವರು ಬಲೆಯ ಹರಿದ ಕಣ್ಣು ಹೆಣೆಯುತ್ತಾ ಕೂತಿದ್ದರು. ನಾನು ಫೋನಿನ ನಕ್ಷೆ ತೋರಿಸಿದೆ. ಅವರು ಬಲೆ ಕೆಳಗಿಟ್ಟು, ಕೈ ಒರೆಸಿಕೊಂಡು, ತುಂಬಾ ಹೊತ್ತು ನೋಡಿದರು. ಆಮೇಲೆ ಹೇಳಿದರು:

“ಟೀಚರೇ, ದೊಡ್ಡ ಹಡಗು ನಮಗೆ ಕಾಣ್ತದೆ. ನಾವು ಅದಕ್ಕೆ ಕಾಣುದಿಲ್ಲ.”

ಅವರ ಮಾತಿನ ಹಿಂದೆ ಏನಿದೆ ಅಂತ ಕರಾವಳಿಯವರಿಗೆ ಗೊತ್ತು. 2021ರ ಏಪ್ರಿಲ್ 13ರ ನಸುಕಿನಲ್ಲಿ ಮಂಗಳೂರಿನಿಂದ 43 ನಾಟಿಕಲ್ ಮೈಲು ಆಚೆ ಬೇಪೂರಿನ ‘ರಬ್ಬಾಹ್’ ಬೋಟಿಗೂ ಒಂದು ಕಂಟೇನರ್ ಹಡಗಿಗೂ ಡಿಕ್ಕಿಯಾಯಿತು. ಬೋಟಿನಲ್ಲಿ ತಮಿಳುನಾಡು, ಬಂಗಾಳದ ಕಡೆಯ 14 ಜನ ಇದ್ದರು. ಜೀವಂತ ಸಿಕ್ಕಿದ್ದು ಇಬ್ಬರು. ಅದಕ್ಕೂ ಮೊದಲು, 2018ರ ಡಿಸೆಂಬರಿನಲ್ಲಿ, ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಏಳು ಜನರೊಂದಿಗೆ ಕಾಣೆಯಾಯಿತು. ಏಳೂ ಜನ ಉಡುಪಿ, ಉತ್ತರ ಕನ್ನಡದವರು. ತಿಂಗಳುಗಟ್ಟಲೆ ಹುಡುಕಿ 2019ರ ಮೇಯಲ್ಲಿ ನೌಕಾಪಡೆಯ ‘ನಿರೀಕ್ಷಕ್’ ಹಡಗು ಮಹಾರಾಷ್ಟ್ರದ ಮಾಲ್ವಣ ಆಚೆ ಅದರ ಅವಶೇಷವನ್ನು ಸಮುದ್ರದ ತಳದಲ್ಲಿ ಕಂಡುಹಿಡಿಯಿತು. ಆ ಮನೆಗಳವರು ಅಷ್ಟು ತಿಂಗಳು ಕಾದಾಗ ನೋಡಲು ಅವರಿಗೆ ಒಂದು ಬಾಣವೂ ಇರಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಗಂಟಲು ಕಟ್ಟುತ್ತದೆ.

ತಾಂಡೇಲರು ಆ ಮಿನುಗು ದೀಪದ ವಿಷಯ ಹೇಳಿದರು. ಬಲೆ ಎಳೆಯುವಾಗ ಬೋಟು ಬೇಗ ತಿರುಗುವುದಿಲ್ಲ. ರಾತ್ರಿ ದೊಡ್ಡ ಹಡಗು ಬರುವುದು ಕಂಡರೆ ಮೊದಲು ವಿಎಚ್‌ಎಫ್‌ನಲ್ಲಿ ಕರೆಯುತ್ತಾರೆ. ಉತ್ತರ ಬರಬಹುದು, ಬಾರದಿರಬಹುದು. ಬಂದರೂ ಅವರ ಇಂಗ್ಲಿಷ್ ಇವರಿಗೆ, ಇವರದ್ದು ಅವರಿಗೆ ಅರ್ಥವಾಗಬೇಕು. ಅದಕ್ಕೇ ದೀಪ. ಎಷ್ಟು ಬಣ್ಣ, ಎಷ್ಟು ಮಿಣುಕು ಸಾಧ್ಯವೋ ಅಷ್ಟು ಹಾಕುತ್ತಾರೆ. ನಿಯಮ ಪುಸ್ತಕದಲ್ಲಿ ಅಂಥ ದೀಪಗಳಿಗೆ ಜಾಗ ಇಲ್ಲ. ಆದರೆ ಅವರ ಪಾಲಿಗೆ ಅದೊಂದೇ ಕೂಗು. ದಡದಿಂದ ಚಂದ ಕಾಣುವ ಆ ದೀಪಗಳು ಯಾಕೆ ಹಾಗಿವೆ ಎಂದು ನನಗೆ ತಿಳಿದದ್ದು ಅವತ್ತು.

ಅವರೇ ಇನ್ನೊಂದು ಕಥೆಯನ್ನೂ ಹೇಳಿದರು, ಅದು ಒಳ್ಳೆಯದಾಗಿ ಮುಗಿದದ್ದು. 2025ರ ಮೇಯಲ್ಲಿ ‘ಸಲಾಮತ್’ ಎಂಬ ಮಂಜಿ ಸಿಮೆಂಟು, ಕಟ್ಟಡದ ಸಾಮಾನು ಹೇರಿಕೊಂಡು ಹಳೆ ಬಂದರಿನಿಂದ ಲಕ್ಷದ್ವೀಪದ ಕಡ್ಮತ್‌ಗೆ ಹೊರಟಿತ್ತು. ಎರಡು ದಿನಕ್ಕೆ, 14ರ ಬೆಳಿಗ್ಗೆ, ನೀರು ನುಗ್ಗಿ ಮುಳುಗಿತು. ಆರು ಜನ ಒಂದು ಸಣ್ಣ ದೋಣಿಗೆ ಇಳಿದರು. ಸುರತ್ಕಲ್‌ನಿಂದ 50 ನಾಟಿಕಲ್ ಮೈಲಿಗೂ ಆಚೆ, ಯಾರ ನಕ್ಷೆಯಲ್ಲೂ ಇಲ್ಲದ ಆರು ಜನ. ಆ ದಾರಿಯಲ್ಲಿ ಹೋಗುತ್ತಿದ್ದ ‘ಎಪಿಕ್ ಸುಸುಯಿ’ ಎಂಬ ಟ್ಯಾಂಕರಿನವರ ಕಣ್ಣಿಗೆ ಆ ದೋಣಿ ಬಿತ್ತು. ಅವರು ಕೋಸ್ಟ್ ಗಾರ್ಡಿಗೆ ತಿಳಿಸಿದರು. ಬಂದು ಆರು ಜನರನ್ನೂ ಮೇಲೆತ್ತಿದ್ದು ಅದೇ ‘ವಿಕ್ರಮ್’. ಕೆಮ್ ಪ್ಲೂಟೊವನ್ನು ಕರೆತಂದ ಹಡಗು.

ಯಾವ ಪೆಟ್ಟಿಗೆಯೂ ಆ ಆರು ಜನರನ್ನು ಹುಡುಕಿಕೊಡಲಿಲ್ಲ. ಟ್ಯಾಂಕರಿನಲ್ಲಿ ಯಾರೋ ಒಬ್ಬರು ನೀರಿನ ಕಡೆ ನೋಡುತ್ತಾ ನಿಂತಿದ್ದರು. ಅಷ್ಟೇ.

ಬ್ರಿಜ್ ಮೇಲಿಂದ

ರಜೆಗೆ ಬಂದಾಗ ದೊಡ್ಡಮ್ಮನ ಮಗನಿಗೆ ಇದನ್ನೆಲ್ಲ ಹೇಳಿದೆ. ಸೆಕೆಂಡ್ ಆಫೀಸರಿನ ಪಾಳಿ ರಾತ್ರಿ 12ರಿಂದ 4. ಕರಾವಳಿಯ ಬೋಟುಗಳ ನಡುವೆ ಕತ್ತಲಲ್ಲಿ ಹಡಗು ನಡೆಸುವವನು ಅವನೇ. “ಅಕ್ಕ, ಅವರು ಹೇಳುವುದು ನಿಜ,” ಅಂದ. ಆಮೇಲೆ ತನ್ನ ಕಡೆಯದ್ದನ್ನು ಹೇಳಿದ. ಆಗಸ್ಟಿನಲ್ಲಿ ರಜೆ ಮುಗಿದು ಬೋಟುಗಳೆಲ್ಲ ಒಟ್ಟಿಗೆ ಇಳಿದಾಗ ಈ ತೀರದಲ್ಲಿ ಹೋಗುವುದೆಂದರೆ ಮಂಗಳೂರಿನ ಕೊಡಿಯಾಲ್ ತೇರಿನ ದಿನ ಕಾರ್‌ಸ್ಟ್ರೀಟಿನಲ್ಲಿ ಲಾರಿ ಓಡಿಸಿದ ಹಾಗಂತೆ. ಮಳೆಗಾಲದ ಅಲೆಗಳೇ ರೇಡಾರಿನಲ್ಲಿ ಚುಕ್ಕೆಚುಕ್ಕೆಯಾಗಿ ಬೀಳುತ್ತವೆ. ಆ ಚುಕ್ಕೆಗಳ ನಡುವೆ ಮರದ ಅಥವಾ ಫೈಬರಿನ ಬೋಟು ಯಾವುದು ಎಂದು ಹೇಳುವುದು ಕಷ್ಟ. ಹಡಗಿನ ಮೂತಿಯ ಮುಂದೆ ನೀರು ಕಾಣದ ಒಂದು ಜಾಗ ಇರುತ್ತದೆ. ಹಡಗಿನ ಎರಡು ಉದ್ದ ಅಥವಾ 500 ಮೀಟರ್, ಯಾವುದು ಕಡಿಮೆಯೋ ಅಷ್ಟರ ತನಕ ನಿಯಮವೇ ಅದನ್ನು ಒಪ್ಪುತ್ತದೆ. ಅಂದರೆ ಅಷ್ಟು ಹತ್ತಿರ ಬಂದ ದೋಣಿಯನ್ನು ಬ್ರಿಜ್‌ನಲ್ಲಿ, ಹಡಗು ನಡೆಸುವ ಎತ್ತರದ ಕೋಣೆಯಲ್ಲಿ, ನಿಂತವನು ನೋಡಲಾರ. ತುಂಬಿದ ದೊಡ್ಡ ಟ್ಯಾಂಕರ್ ಎಂಜಿನ್ ನಿಲ್ಲಿಸಿದ ಮೇಲೂ ಕಿಲೋಮೀಟರ್‌ಗಟ್ಟಲೆ ಮುಂದೆ ಸಾಗುತ್ತದೆ. ಹಾಗಾಗಿ ನೋಡುವುದಿದ್ದರೆ ತುಂಬಾ ಮೊದಲೇ ನೋಡಬೇಕು.

“ಮತ್ತೆ ನೀವು ಏನು ಮಾಡ್ತೀರಿ?” ಅಂತ ಕೇಳಿದೆ.

“ರೂಲ್ 5,” ಅಂದ.

1972ರ ನಿಯಮಗಳಲ್ಲಿ ಐದನೆಯದು ಅದು. ಪ್ರತಿ ಹಡಗೂ ಎಲ್ಲ ಹೊತ್ತಿನಲ್ಲೂ ಕಣ್ಣಿನಿಂದ, ಕಿವಿಯಿಂದ ಸರಿಯಾದ ಕಾವಲು ಇಟ್ಟಿರಬೇಕು. ಬೇರೆ ಸಾಧನಗಳ ಮಾತು ಆಮೇಲೆ. ರೇಡಾರ್ ಸುಧಾರಿಸಿದೆ, ಎಐಎಸ್ ಬಂದಿದೆ, ಉಪಗ್ರಹ ಬಂದಿದೆ. ಆ ವಾಕ್ಯದಲ್ಲಿ ಕಣ್ಣು, ಕಿವಿ ಇವತ್ತಿಗೂ ಮೊದಲ ಜಾಗದಲ್ಲೇ ಇವೆ. ಅವನು ತನ್ನ ಪಾಳಿಯಲ್ಲಿ ಪರದೆಯಿಂದ ಮುಖ ತೆಗೆದು ಬ್ರಿಜ್‌ನ ಹೊರ ರೆಕ್ಕೆಗೆ ಹೋಗಿ ನಿಲ್ಲುತ್ತಾನಂತೆ. ಅವನ ಜೊತೆಗಿರುವ ಕಾವಲಿನ ನಾವಿಕನಿಗೂ ಅದನ್ನೇ ಹೇಳುತ್ತಾನೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಹೊತ್ತು ಬೇಕು, ಪರದೆ ನೋಡಿದರೆ ಆ ಹೊಂದಿಕೆ ಹಾಳು. ಆ ಡಿಸೆಂಬರಿನಲ್ಲಿ ಅವರ ಕ್ಯಾಪ್ಟನ್ ಎಐಎಸ್ಸನ್ನೇ ಆರಿಸಿದ್ದರು ಎಂಬುದನ್ನೂ ಅವನು ಆಗ ಹೇಳಿದ. ಹಡಗಿಗೆ ಅಪಾಯ ಇದೆ ಅನ್ನಿಸಿದರೆ ಕ್ಯಾಪ್ಟನ್‌ಗೆ ಆ ಅಧಿಕಾರ ಇದೆ. ಆ ರಾತ್ರಿಗಳಲ್ಲಿ ಅವರ ಹಡಗೂ ನಮ್ಮ ಟ್ರಾಲ್ ಬೋಟಿನ ಹಾಗೆಯೇ ಯಾರ ನಕ್ಷೆಯಲ್ಲೂ ಇರಲಿಲ್ಲ. “ಆಗ ಗೊತ್ತಾಯ್ತು ಅಕ್ಕ, ಕಾಣದೆ ಇರುವುದು ಅಂದ್ರೆ ಏನು ಅಂತ.” ದೊಡ್ಡಮ್ಮ ಅಡುಗೆಮನೆಯಲ್ಲಿದ್ದರು. ಅವರಿಗೆ ಕೇಳಿಸದಂತೆ ಮೆತ್ತಗೆ ಹೇಳಿದ.

ಮೀನುಗಾರಿಕಾ ಬೋಟುಗಳಿಗೆ ಒಂದು ಲಕ್ಷ ಟ್ರಾನ್ಸ್‌ಪಾಂಡರ್ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ 2024ರ ಆಗಸ್ಟಿನಲ್ಲಿ ಶುರು ಮಾಡಿತು. ಇಸ್ರೋ ಮಾಡಿದ ಪೆಟ್ಟಿಗೆ, ಉಪಗ್ರಹದ ಮೂಲಕ ದಡಕ್ಕೆ ಮಾತು. ಕಷ್ಟ ಬಂದರೆ ಒತ್ತಲು ಒಂದು ಗುಂಡಿ. ಇದು ಬೇಗ ಎಲ್ಲ ಬೋಟಿಗೂ ತಲುಪಬೇಕು ಎಂದು ನಾನು ಮನಸಾರೆ ಬಯಸುತ್ತೇನೆ. ಆ ಬೋಟುಗಳು ನನ್ನ ಫೋನಿನ ನಕ್ಷೆಯಲ್ಲಿ ಕಾಣಲಿ ಅಂತ ಅಲ್ಲ. ಎಲ್ಲಿ ಮೀನು ಸಿಕ್ಕಿತು ಎಂಬುದು ತಾಂಡೇಲರ ಗುಟ್ಟು, ಅದನ್ನು ಊರಿಗೆಲ್ಲ ತೋರಿಸಬೇಕಾಗಿಲ್ಲ. ಹುಡುಕಬೇಕಾದವರಿಗೆ, ದಾರಿ ಬಿಡಬೇಕಾದವರಿಗೆ ಕಂಡರೆ ಸಾಕು.

ನನ್ನ ಹವ್ಯಾಸದ ರೀತಿ ಮಾತ್ರ ಬದಲಾಗಿದೆ. ಮೊದಲು ನಕ್ಷೆ ನೋಡಿ ಆಮೇಲೆ ಕಡಲು ನೋಡುತ್ತಿದ್ದೆ. ಈಗ ಮೊದಲು ಕಡಲು. ಕಂಡದ್ದನ್ನೆಲ್ಲ ಪುಸ್ತಕದಲ್ಲಿ ಬರೆದ ಮೇಲೆಯೇ ಫೋನ್ ತೆಗೆಯುತ್ತೇನೆ. ಭಾನುವಾರ ಹಳೆ ಬಂದರಿಗೆ ಹೋಗಿ ಮಂಜಿಗಳ ಹೆಸರು ಬರೆದುಕೊಳ್ಳುತ್ತೇನೆ. ಯಾವುದು ಬಂತು, ಏನು ಹೇರುತ್ತಿದೆ, ಯಾವ ದ್ವೀಪಕ್ಕೆ. ಅಲ್ಲಿಯವರು ಮೊದಮೊದಲು ಅನುಮಾನದಿಂದ ನೋಡಿದರು. ಈಗ ತಾವೇ ಕರೆದು ಹೇಳುತ್ತಾರೆ.

ತಾಂಡೇಲರಿಗೂ ನನಗೂ ಒಂದು ಕೊಡುಕೊಳ್ಳುವಿಕೆ ಶುರುವಾಗಿದೆ. ಅಳಿವೆಬಾಗಿಲು ದಾಟುವ ಮುಂಚೆ ಅವರು ಫೋನ್ ಮಾಡಿ ಹೊರಗೆ ಎಷ್ಟು ಹಡಗು ನಿಂತಿವೆ ಅಂತ ಕೇಳುತ್ತಾರೆ. ನಾನು ಹೇಳುತ್ತೇನೆ. ವಾಪಸು ಬರುವಾಗ ನೆಟ್‌ವರ್ಕ್ ಸಿಕ್ಕ ಕೂಡಲೇ ತಾವು ಕಂಡದ್ದನ್ನು ಹೇಳುತ್ತಾರೆ. ಮೊನ್ನೆ ಅವರ ಫೋನ್ ಬಂದಾಗ ಹಿಂದೆ ಎಂಜಿನ್ನಿನ ಸದ್ದು ಜೋರಾಗಿತ್ತು.

“ಟೀಚರೇ, ಬೋಯಿಯ ಹತ್ರ ಒಂದು ಭಾರೀ ದೊಡ್ಡದು ಉಂಟು. ನಿಮ್ಮ ಫೋನಲ್ಲಿ ಉಂಟಾ?”

ನೋಡಿದೆ. ಇತ್ತು. ಲೈಬೀರಿಯಾ ಧ್ವಜ, 330 ಮೀಟರ್.

“ಉಂಟು ಅಣ್ಣ. 20 ಮೀಟರಿಗಿಂತ ಜಾಸ್ತಿ ಮುಳುಗಿದೆ ಅಂತ ತೋರಿಸ್ತದೆ. ಆದರೆ ಅದು ಅವರು ಬರೆದದ್ದು. ನಿಮಗೆ ಹೇಗೆ ಕಾಣ್ತದೆ?”

“ಕೆಂಪು ಕಾಣುದೇ ಇಲ್ಲ. ಪೂರ್ತಿ ಕೂತಿದೆ.”

“ಹಾಗಾದರೆ ಇನ್ನೂ ಇಳಿಸಲಿಕ್ಕೆ ಶುರು ಮಾಡಿಲ್ಲ. ನಾಳೆ ಇಡೀ ದಿನ ಅಲ್ಲೇ ಇರಬಹುದು.”

“ಆಯ್ತು. ಹಿಂದಿನಿಂದ ಬರುವ ಬೋಟಿನವರಿಗೆ ವಯರ್‌ಲೆಸ್‌ನಲ್ಲಿ ಹೇಳ್ತೇನೆ, ಆ ಕಡೆ ಹೋಗುದು ಬೇಡ ಅಂತ,” ಎಂದು ಫೋನ್ ಇಟ್ಟರು.